ಮೆದು ಮನಸ್ಸಿನ ಮಗು, ಬಿಡಲೊಲ್ಲದ ಕೈ

ಜೂನ್ ಮೊದಲ ವಾರ ಎಲ್‌ಕೆಜಿ ಗೇಟಿನ ಮುಂದೆ ನಿಂತರೆ ಮಕ್ಕಳ ಸ್ವಭಾವ ಅಲ್ಲೇ ಗೊತ್ತಾಗುತ್ತದೆ. ಕೆಲವು ನೀರಿನ ಬಾಟಲಿ ತೂಗಾಡಿಸಿಕೊಂಡು ಒಳಗೆ ಓಡುತ್ತವೆ, ಕೆಲವು ಸ್ವಲ್ಪ ಅತ್ತು ಸುಮ್ಮನಾಗುತ್ತವೆ, ಒಂದೆರಡು ಮಾತ್ರ ಅಮ್ಮನ ದುಪಟ್ಟಾವನ್ನು ಮುಷ್ಟಿಯಲ್ಲಿ ಹಿಡಿದು ಬಿಡುವುದೇ ಇಲ್ಲ. ಪಕ್ಕದ ಮಗುವಿಗೆ ಟೀಚರ್ ಗದರಿದರೂ ಕಣ್ಣಲ್ಲಿ ನೀರು ತುಂಬಿಕೊಳ್ಳುವುದು ಇದೇ ಮಕ್ಕಳಿಗೆ. ‘ಮುದ್ದು ಮಾಡಿ ಕೆಡಿಸಿದ್ದೀರಿ, ನಾಲ್ಕು ದಿನ ಅಳಲಿ ಬಿಡಿ’ ಎನ್ನುತ್ತಾರೆ ಕೆಲವರು. ‘ಪಾಪ, ಮುಂದಿನ ವರ್ಷ ಸೇರಿಸಿದರಾಯಿತು’ ಎನ್ನುತ್ತಾರೆ ಉಳಿದವರು. ಎರಡೂ ತಪ್ಪು ಎಂಬುದು ನನ್ನ ವಾದ. ಇಂಥ ಮಗುವಿಗೆ ಬೇಕಿರುವುದು ಅದರ ಭಯವನ್ನು ನಿಜವೆಂದು ಒಪ್ಪಿಕೊಳ್ಳುವ, ಆದರೆ ಆ ಭಯ ಕಂಡು ತಾವೇ ಹಿಂದೆ ಸರಿಯದ ಅಪ್ಪ ಅಮ್ಮ.

ಈ ಸ್ವಭಾವ ಮುದ್ದಿನಿಂದ ಬಂದದ್ದಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಆರೋಗ್ಯವಂತ ಕೂಸುಗಳ ಮುಂದೆ ಬಣ್ಣದ ಆಟಿಕೆ ತೂಗಾಡಿಸಿ, ಧ್ವನಿಮುದ್ರಿತ ಮಾತು ಕೇಳಿಸಿ ನೋಡಿದಾಗ ಸುಮಾರು ಐದರಲ್ಲೊಂದು ಕೂಸು ಕೈಕಾಲು ಬಡಿದು ಅತ್ತಿತು. ಬೆಳೆದ ಮೇಲೆ ಹೊಸ ಮುಖ, ಹೊಸ ಜಾಗಕ್ಕೆ ಹಿಂಜರಿದವರಲ್ಲಿ ಇವೇ ಹೆಚ್ಚು. ಆದರೆ ಹುಟ್ಟುಗುಣ ಹಣೆಬರಹವಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು. ಇಂಥ ಕೂಸುಗಳನ್ನು ಕಿರಿಕಿರಿಯಾಗುವ ಎಲ್ಲದರಿಂದ ಕಾಪಾಡಲು ಹೋದ ಮನೆಗಳಲ್ಲಿ ಅಂಜಿಕೆ ಹಾಗೇ ಉಳಿಯಿತು. ಪ್ರೀತಿಯ ಜೊತೆ ಒಂದಿಷ್ಟು ಕಟ್ಟುನಿಟ್ಟೂ ಇದ್ದ ಮನೆಗಳಲ್ಲಿ ಅದು ಇಳಿಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮನೆಗೆ ಬಂದವರು ‘ನಿನ್ನ ಹೆಸರೇನು ಪುಟ್ಟಿ?’ ಎಂದು ಕೇಳುತ್ತಾರೆ. ಮಗು ಸೋಫಾದ ಹಿಂದೆ ಸರಿಯುತ್ತದೆ. ‘ಅವಳಿಗೆ ನಾಚಿಕೆ ಜಾಸ್ತಿ’ ಎಂದು ಅಮ್ಮನೇ ಹೆಸರು ಹೇಳಿಬಿಡುತ್ತಾಳೆ. ಎಲ್ಲರಿಗೂ ಹಾಯೆನಿಸುತ್ತದೆ. ಆದರೆ ಉತ್ತರ ಕೊಡುವುದು ತನ್ನಿಂದಾಗದ ಕೆಲಸ ಎಂಬುದನ್ನು ಆ ಕ್ಷಣದಲ್ಲಿ ಮಗು ಕಲಿತಿರುತ್ತದೆ. ಇನ್ನು ಹತ್ತು ಸೆಕೆಂಡ್ ಎಲ್ಲರೂ ಸುಮ್ಮನೆ ಕಾದಿದ್ದರೆ ಪಿಸುಮಾತಿನಲ್ಲಾದರೂ ಹೆಸರು ಹೊರಬರುತ್ತಿತ್ತೋ ಏನೋ. ರಸ್ತೆಯಲ್ಲಿ ಸತ್ತುಬಿದ್ದ ನಾಯಿಮರಿ ಕಂಡಾಗ ‘ಅದು ಮಲಗಿದೆ’ ಎಂದು ಸುಳ್ಳು ಹೇಳಿ ಮಗುವಿನ ಕಣ್ಣು ಮುಚ್ಚುವುದೂ ಇದೇ ಜಾತಿಯದು. ದುಃಖ ಬರುತ್ತದೆ, ಅತ್ತರೆ ಹೋಗುತ್ತದೆ ಎಂದು ತಿಳಿಯಲು ಮಗುವಿಗೆ ಇರುವ ಅವಕಾಶವನ್ನು ನಾವೇ ಕಸಿದುಕೊಳ್ಳುತ್ತೇವೆ.

ಹಾಗಾದರೆ ಹಳೆಯ ಕಾಲದವರು ಗದರಿಸಿ ಗಟ್ಟಿ ಮಾಡುತ್ತಿದ್ದದ್ದೇ ಸರಿಯಲ್ಲವೇ ಎಂದು ಕೇಳಬಹುದು. ಖಂಡಿತ ಅಲ್ಲ. ಮಕ್ಕಳ ವೈದ್ಯ ಥಾಮಸ್ ಬಾಯ್ಸ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೋದ ಮೂರರಿಂದ ಐದು ವರ್ಷದ ಮಕ್ಕಳ ಬಗ್ಗೆ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗಬೇಕು. ಸಣ್ಣ ಒತ್ತಡಕ್ಕೂ ಮೈಯೆಲ್ಲ ಸ್ಪಂದಿಸುವ ಮಕ್ಕಳು ಕಷ್ಟದ ವಾತಾವರಣದಲ್ಲಿ ಉಳಿದವರಿಗಿಂತ ಹೆಚ್ಚು ಸಲ ನೆಗಡಿ-ಕೆಮ್ಮಿನಂಥ ಕಾಯಿಲೆ ಬಿದ್ದರು. ಅಂಥದೇ ಮಕ್ಕಳು ನೆಮ್ಮದಿಯ ವಾತಾವರಣದಲ್ಲಿ ಎಲ್ಲರಿಗಿಂತ ಆರೋಗ್ಯವಾಗಿದ್ದರು. ಇವರನ್ನು ಬಾಯ್ಸ್ ಹೋಲಿಸಿದ್ದು ಆರ್ಕಿಡ್‌ಗೆ, ಅಂದರೆ ನಮ್ಮ ಮಲೆನಾಡಿನ ಸೀತಾಳೆಯಂಥ ಹೂವಿಗೆ. ‘ಗಂಡುಹುಡುಗ ಅಳ್ತಾನಾ?’ ಎಂದು ನಾಲ್ಕು ಜನರ ಮುಂದೆ ನಗುವುದು ಇಂಥ ಮಗುವಿನ ಮೇಲೆ ಮಾಡುವ ದೌರ್ಜನ್ಯ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಅಳುವ ಮಗುವನ್ನು ಬಿಟ್ಟು ಬರುವುದು ಕ್ರೌರ್ಯವಲ್ಲವೇ? ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಆತಂಕದಿಂದ ಬಳಲುತ್ತಿದ್ದ 124 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇದಕ್ಕೆ ಉತ್ತರವಿದೆ. ಒಂದು ಗುಂಪಿನಲ್ಲಿ ಮಕ್ಕಳಿಗೇ ಚಿಕಿತ್ಸೆ ಕೊಟ್ಟರು. ಇನ್ನೊಂದರಲ್ಲಿ ಚಿಕಿತ್ಸಕರು ಭೇಟಿಯಾದದ್ದು ಅಪ್ಪ ಅಮ್ಮನನ್ನು ಮಾತ್ರ. ಮಗುವಿನ ಭಯಕ್ಕಾಗಿ ಮನೆಯವರು ಮಾಡಿಕೊಂಡ ಹೊಂದಾಣಿಕೆಗಳನ್ನು ಒಂದೊಂದಾಗಿ ಕಡಿಮೆ ಮಾಡುವುದು, ಜೊತೆಗೆ ‘ನಿನಗೆ ಕಷ್ಟವಾಗುತ್ತಿದೆ, ಗೊತ್ತು. ನಿನ್ನಿಂದ ಆಗುತ್ತದೆ ಅಂತಲೂ ಗೊತ್ತು’ ಎನ್ನುವ ಭರವಸೆ ಕೊಡುವುದು, ಇಷ್ಟೇ ಕಲಿಸಿದ್ದು. ಫಲಿತಾಂಶ ಎರಡೂ ಕಡೆ ಸರಿಸಮ. ಆ ಮಕ್ಕಳು ಏಳರಿಂದ ಹದಿನಾಲ್ಕು ವರ್ಷದವರು, ರೋಗವೆನ್ನುವಷ್ಟು ಆತಂಕ ಇದ್ದವರು, ಆದ್ದರಿಂದ ಎಲ್‌ಕೆಜಿ ಮಗುವಿಗೆ ಅದನ್ನು ನೇರವಾಗಿ ಅನ್ವಯಿಸುವಂತಿಲ್ಲ. ಆದರೂ ಬಿಡುವುದೂ ಪ್ರೀತಿಯೂ ಒಟ್ಟಿಗೇ ಸಾಧ್ಯ ಎಂಬುದಕ್ಕೆ ಅಷ್ಟು ಸಾಕು.

ಹಾಗೆಂದು ಹೊಣೆಯನ್ನೆಲ್ಲ ತಾಯಂದಿರ ಮೇಲೆ ಹೊರಿಸುವುದು ಅನ್ಯಾಯ. ಅಮ್ಮ ಕೈಬಿಡಬೇಕಾದರೆ ಆ ಕಡೆ ಕೈಚಾಚುವವರೊಬ್ಬರು ಇರಬೇಕಲ್ಲ? ‘ಮಗು ಆ ಕಡೆ ತಿರುಗಿದಾಗ ಹೊರಟುಬಿಡಿ’ ಎಂದು ಎಷ್ಟೋ ಶಾಲೆಗಳಲ್ಲಿ ಈಗಲೂ ಹೇಳುತ್ತಾರೆ. ಹಾಗೆ ಕಳ್ಳತನದಲ್ಲಿ ಹೋದ ಅಮ್ಮನನ್ನು ಮಾರನೆಯ ದಿನ ಮಗು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ಮೊದಲ ವಾರ ಶಾಲೆಗಳು ಒಂದೇ ದಿನ ಎಲ್ಲರನ್ನೂ ಕರೆಯದೆ, ಕೆಲವೇ ಮಕ್ಕಳನ್ನು ಒಂದೆರಡು ಗಂಟೆಗಳ ಮಟ್ಟಿಗೆ ಕರೆದು, ಪ್ರತಿ ಮಗುವಿಗೂ ದಿನವೂ ಅದೇ ಟೀಚರ್ ಎದುರಾಗುವಂತೆ ನೋಡಿಕೊಳ್ಳಬಹುದು. ದೊಡ್ಡ ಖರ್ಚಿಲ್ಲದ ಈ ಏರ್ಪಾಡನ್ನು ಪ್ರವೇಶದ ಅರ್ಜಿ ಕೊಡುವಾಗಲೇ ಪೋಷಕರು ಕೇಳಬೇಕು.