ಕ್ವಾಂಟಂ ಸಿಟಿಗೆ ಹೊರಟವರು ಜಿಗಣಿಯ ಶೆಡ್ಡುಗಳನ್ನೂ ನೋಡಲಿ

2025ರ ಜುಲೈ 31ರಂದು ಬೆಂಗಳೂರಿನ ಕ್ವಾಂಟಂ ಸಮಾವೇಶದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 1,000 ಕೋಟಿ ರೂಪಾಯಿಯ ಕರ್ನಾಟಕ ಕ್ವಾಂಟಂ ಮಿಷನ್ ಘೋಷಿಸಿದರು. ಕ್ವಾಂಟಂ ಸಿಟಿಗೆ ಹೆಸರಘಟ್ಟದಲ್ಲಿ ಆರು ಎಕರೆ ಚಿಲ್ಲರೆ ಜಾಗವೂ ಗೊತ್ತಾಯಿತು. ಅದಾಗಿ ಹತ್ತು ದಿನಕ್ಕೆ, ಆಗಸ್ಟ್ 10ರಂದು, ಹಳದಿ ಮೆಟ್ರೋ ಬೊಮ್ಮಸಂದ್ರ ಮುಟ್ಟಿತು. ಅಲ್ಲಿಂದ ಲಿಂಕ್ ರೋಡ್ ಹಿಡಿದರೆ ಜಿಗಣಿ. ಈ ಭಾಗದವರು ಮಾತಾಡಿಕೊಂಡಿದ್ದು ಎರಡನೇ ಸುದ್ದಿಯನ್ನು ಮಾತ್ರ. ಆದರೆ ಜಿಗಣಿಯ ಮಷೀನ್ ಶಾಪುಗಳಿಗೆ ನಿಜವಾಗಿ ಸಂಬಂಧಪಟ್ಟದ್ದು ಮೊದಲನೆಯದು. ಯಾಕೆಂದು ಹೇಳಲು ಒಂದು ಬುಗುರಿಯ ಕತೆ ಹೇಳಬೇಕು.

ಗೈರೋಸ್ಕೋಪ್ ಅಂದರೆ ಮೂಲದಲ್ಲಿ ಬುಗುರಿಯೇ. ಜೋರಾಗಿ ತಿರುಗುವಾಗ ಅದರ ಅಕ್ಷ ಹಿಡಿದ ದಿಕ್ಕನ್ನು ಬಿಡುವುದಿಲ್ಲ. ಆದರೆ ಆ ದಿಕ್ಕೂ ತುಸುವೇ ವಾಲಬೇಕು ಅನ್ನುತ್ತದೆ ಐನ್‌ಸ್ಟೈನ್ ಸಿದ್ಧಾಂತ. ಆಲೆಮನೆಯ ಕೊಪ್ಪರಿಗೆಯಲ್ಲಿ ಸೌಟು ತಿರುಗಿಸಿದರೆ ಸುತ್ತಲಿನ ಪಾಕವೂ ಸ್ವಲ್ಪ ತಿರುಗುತ್ತದಲ್ಲ, ಹಾಗೆ ತಿರುಗುವ ಭೂಮಿ ತನ್ನ ಸುತ್ತಲಿನ ದೇಶಕಾಲವನ್ನೇ ಎಳೆದುಕೊಂಡು ಹೋಗುತ್ತದೆ. 1918ರಲ್ಲಿ ಲೆನ್ಸ್ ಮತ್ತು ಥಿರಿಂಗ್ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಚಲಿಸುವ ವಿದ್ಯುತ್ತಿನಿಂದ ಕಾಂತತೆ ಹುಟ್ಟುವುದಕ್ಕೆ ಹೋಲುವುದರಿಂದ ಇದನ್ನು ಗುರುತ್ವಕಾಂತೀಯ ಪರಿಣಾಮ ಅನ್ನುತ್ತಾರೆ.

ಎಷ್ಟು ವಾಲುತ್ತದೆ? ಅಮೆರಿಕದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹದ ಕಕ್ಷೆಯಲ್ಲಿ, ಸುಮಾರು 640 ಕಿಲೋಮೀಟರ್ ಎತ್ತರದಲ್ಲಿ, ವರ್ಷಕ್ಕೆ 39 ಮಿಲಿ ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನು ತೊಂಬತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಹೆಚ್ಚುಕಮ್ಮಿ ಒಂದು ಪಾಲು, ಅದೂ ವರ್ಷವಿಡೀ ಕಾದರೆ. ವಿಮಾನಕ್ಕೆ ದಾರಿ ತೋರಿಸುವ ಒಳ್ಳೇ ಗೈರೋಸ್ಕೋಪೇ ಗಂಟೆಗೆ ಡಿಗ್ರಿಯ ನೂರನೇ ಒಂದು ಭಾಗದಷ್ಟು ತಾನಾಗಿ ಜಾರುತ್ತದೆ. ವರ್ಷದ ಲೆಕ್ಕ ಹಿಡಿದರೆ ಅದರ ಜಾರುವಿಕೆಯೇ ಈ 39ಕ್ಕಿಂತ ಸುಮಾರು 80 ಲಕ್ಷ ಪಟ್ಟು ದೊಡ್ಡದು!

ಹಾಗಾಗಿ ಸ್ಟ್ಯಾನ್‌ಫರ್ಡ್‌ನವರಿಗೆ ಭೌತಶಾಸ್ತ್ರಕ್ಕಿಂತ ಕಷ್ಟವಾದದ್ದು ವರ್ಕ್‌ಶಾಪಿನ ಕೆಲಸ. ಪಿಂಗ್‌ಪಾಂಗ್ ಚೆಂಡಿನ ಗಾತ್ರದ ಸ್ಫಟಿಕಶಿಲೆಯ ಗಾಜಿನ ನಾಲ್ಕು ಗೋಳಗಳನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದರು. ಏರುತಗ್ಗು ಬರೀ 10 ನ್ಯಾನೋಮೀಟರ್. ಒಂದು ಗೋಳವನ್ನು ಭೂಮಿಯಷ್ಟು ಊದಿಸಿದರೂ ಅದರ ಮೇಲಿನ ದೊಡ್ಡ ಬೆಟ್ಟ ಎರಡೂವರೆ ಮೀಟರ್ ಮೀರುತ್ತಿರಲಿಲ್ಲ. 1960ರ ಸುಮಾರಿಗೆ ಹುಟ್ಟಿದ ಆಲೋಚನೆ 2004ರ ಏಪ್ರಿಲ್ 20ರಂದು ಆಕಾಶಕ್ಕೆ ಹೋಯಿತು. ಅಂತಿಮ ಫಲಿತಾಂಶ ಬಂದದ್ದು 2011ರಲ್ಲಿ: 37.2, ಹೆಚ್ಚುಕಮ್ಮಿ 7.2. ಐನ್‌ಸ್ಟೈನ್ ಸರಿ, ಆದರೆ ಶೇ 1ರಷ್ಟು ಕರಾರುವಾಕ್ಕು ಬೇಕೆಂದು ಹೊರಟವರಿಗೆ ಸಿಕ್ಕಿದ್ದು ಶೇ 19ರ ಅನಿಶ್ಚಿತತೆ. ಆಕಾರ ಕೈಕೊಡಲಿಲ್ಲ. ಗೋಳದ ಮೇಲೂ ಅದರ ಕವಚದ ಒಳಮೈ ಮೇಲೂ ಅಲ್ಲಲ್ಲಿ ಉಳಿದ ವಿದ್ಯುತ್ ಕಲೆಗಳು ಕೈಕೊಟ್ಟವು. ಲೇಪನದಲ್ಲಿ ಉಳಿದ ಕೊರತೆಯನ್ನು ಲೆಕ್ಕದಲ್ಲಿ ತೊಳೆಯಲು ಐದಾರು ವರ್ಷ ಹಿಡಿಯಿತು. ಮಧ್ಯೆ ನಾಸಾ ದುಡ್ಡು ನಿಲ್ಲಿಸಿದಾಗ ಸೌದಿ ಅರೇಬಿಯಾದ ಸಂಸ್ಥೆಯೊಂದು ನೆರವಿಗೆ ಬರಬೇಕಾಯಿತು.

ಸುಮಾರು 75 ಕೋಟಿ ಡಾಲರ್ ಇದಕ್ಕೆ ಬೇಕಿತ್ತಾ ಅಂತ ಕೇಳುವವರಿದ್ದಾರೆ. ಕೇಳಬೇಕಾದ್ದೇ. ಲೇಜರ್ ಬೆಳಕನ್ನು ಹಿಂದಕ್ಕೆ ಕಳಿಸುವ ಕನ್ನಡಿಗಳಷ್ಟೇ ಇರುವ ಲೇಜಿಯೋಸ್ ಉಪಗ್ರಹಗಳ ಕಕ್ಷೆ ನೋಡಿ ಇದೇ ಪರಿಣಾಮವನ್ನು ಅಳೆದಿದ್ದೇವೆ ಅಂತ ಇಟಲಿಯ ಚುಫೋಲಿನಿ ಮತ್ತು ಸಂಗಡಿಗರು 2004ರಲ್ಲೇ ಹೇಳಿದ್ದರು. ಆದರೂ ಗೋಳ ಉಜ್ಜಲು ಕಲಿತ ಕೈ, ಅದನ್ನು ಅಳೆಯಲು ಕಲಿತ ಕಣ್ಣು ಆ ದೇಶಕ್ಕೆ ಉಳಿದವು.

ಇನ್ನು ನಮ್ಮೂರಿಗೆ ಬರೋಣ. ಕಪ್ಪುಕುಳಿಗಳ ಅಧ್ಯಯನಕ್ಕೆ ಜಗತ್ಪ್ರಸಿದ್ಧರಾದ ಸಿ.ವಿ. ವಿಶ್ವೇಶ್ವರ ನಮ್ಮವರು. ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ, ಬೆಂಗಳೂರಿನ ನೆಹರೂ ತಾರಾಲಯ ಕಟ್ಟಿದವರು. 1993ರಲ್ಲಿ ಅವರು ಬಾಲಾ ಅಯ್ಯರ್ ಜೊತೆ ಸೇರಿ ಬರೆದ ಪ್ರಬಂಧದ ವಿಷಯ ಇದೇ: ಬಾಗಿದ ದೇಶಕಾಲದಲ್ಲಿ ಗೈರೋಸ್ಕೋಪಿನ ಅಕ್ಷ ಹೇಗೆ ಹೊರಳುತ್ತದೆ ಅನ್ನುವುದು. ಗಣಿತ ಬೆಂಗಳೂರಿನಲ್ಲಿತ್ತು. ಲೇತುಗಳೂ ಬೆಂಗಳೂರಿನಲ್ಲಿದ್ದವು. ಎರಡರ ನಡುವೆ ಮೂವತ್ತು ಕಿಲೋಮೀಟರ್ ಕೂಡ ಇರಲಿಲ್ಲ, ಆದರೆ ರಸ್ತೆಯೂ ಇರಲಿಲ್ಲ.

ಈಗಲೂ ಇಲ್ಲ. ಜಿಗಣಿಯ ಸಣ್ಣ ಶೆಡ್ಡಿಗೆ ಡ್ರಾಯಿಂಗ್ ಬರುತ್ತದೆ, ಪಾರ್ಟ್ ಹೋಗುತ್ತದೆ. ಅದು ಯಾವ ಯಂತ್ರದ ಯಾವ ಅಂಗ ಅನ್ನುವುದು ಮಾಡಿದವನಿಗೆ ಗೊತ್ತಿರುವುದಿಲ್ಲ. (ಬಿಲ್ಲಿನ ದುಡ್ಡು 45 ದಿನದೊಳಗೆ ಬರಬೇಕು ಅಂತ 2006ರ ಕಾಯ್ದೆ ಇದೆ, ಅದರ ಪಾಡು ಬೇರೆ.) ಇದಕ್ಕಿಂತ ದೊಡ್ಡ ತೊಡಕು ಅಳತೆಯದು. ಜಗತ್ತಿನಲ್ಲೆಲ್ಲ ಉದ್ದ ಅಳೆಯುವ ಕರಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೂರು ಮಿಲಿಮೀಟರಿನ ಉಕ್ಕಿನ ಪಾರ್ಟ್ ಪ್ರತಿ ಡಿಗ್ರಿಗೆ ಒಂದು ಮೈಕ್ರಾನ್ ಮೇಲೆ ಹಿಗ್ಗುತ್ತದೆ. ತಗಡಿನ ಸೂರಿನ ಕೆಳಗೆ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಹದಿನೇಳು ಮೈಕ್ರಾನ್ ಬರೀ ಬಿಸಿಲಿನ ಪಾಲು. ಐದು ಮೈಕ್ರಾನ್ ಟಾಲರೆನ್ಸಿನ ಕೆಲಸವನ್ನು ಅಲ್ಲಿ ಮಾಡಲು ಕೈಚಳಕ ಇದ್ದರೂ, ಮಾಡಿದ್ದೇವೆ ಅಂತ ಸಾಬೀತು ಮಾಡುವುದು ಹೇಗೆ? ಇಂಥ ಅಳತೆಗೆಂದೇ ಇರುವ ಕೇಂದ್ರ ಸರ್ಕಾರದ ಸಿಎಂಟಿಐ 1962ರಿಂದ ಬೆಂಗಳೂರಿನಲ್ಲೇ ಇದೆ, ತುಮಕೂರು ರಸ್ತೆಯಲ್ಲಿ. ಪೀಣ್ಯದವರಿಗೆ ಪಕ್ಕದ ಮನೆ. ಜಿಗಣಿಯವರು ಇಡೀ ಊರು ದಾಟಬೇಕು.

ಕ್ವಾಂಟಂ ಅಂದಕೂಡಲೇ ನಮ್ಮ ಸರ್ಕಾರಗಳಿಗೆ ಕಂಪ್ಯೂಟರ್ ಕಾಣುತ್ತದೆ, ಸ್ಟಾರ್ಟಪ್ ಕಾಣುತ್ತದೆ. ಆದರೆ 6,003 ಕೋಟಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನ ನಾಲ್ಕು ಕವಲುಗಳಲ್ಲಿ ಸೆನ್ಸರ್ ಮತ್ತು ಅಳತೆಯೂ ಒಂದು. ಅದರ ಕೇಂದ್ರ ಐಐಟಿ ಬಾಂಬೆಗೆ ಹೋಯಿತು, ಕಂಪ್ಯೂಟಿಂಗ್ ನಮ್ಮ ಐಐಎಸ್‌ಸಿಗೆ ಬಂತು. ತಣ್ಣಗಾಗಿಸಿದ ಪರಮಾಣುಗಳಿಂದ ತಿರುಗುವಿಕೆ ಅಳೆಯುವ ಹೊಸ ಗೈರೋಸ್ಕೋಪುಗಳು ಬರುವುದು ಈ ಅಳತೆಯ ಕವಲಿನಲ್ಲೇ. ಅವಕ್ಕೆ ಗಾಳಿ ನುಸುಳದ ನಿರ್ವಾತ ಕೋಣೆ ಬೇಕು, ಕನ್ನಡಿ ಅಲುಗದಂತೆ ಹಿಡಿಯುವ ಚೌಕಟ್ಟು ಬೇಕು. ಕಂಪ್ಯೂಟರಿಗೂ ಇಂಥವೇ ಬೇಕು. ಇವನ್ನು ಯಾರೋ ಕಡಿಯಬೇಕು, ಕೊರೆಯಬೇಕು, ಉಜ್ಜಬೇಕು. ಇಲ್ಲಿ ಆಗದಿದ್ದರೆ ಜರ್ಮನಿಯಿಂದ ತರಿಸುತ್ತೇವೆ, ಸಾವಿರ ಕೋಟಿಯ ಒಂದು ಪಾಲು ಹಾಗೇ ಹೊರಗೆ ಹೋಗುತ್ತದೆ.

ಕೈಗೆ ಬಂದ ಅನುಭವ ದೇಶಕ್ಕೆ ಇಲ್ಲದೇ ಇಲ್ಲ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ವಿಕ್ರಮ್‌ನಲ್ಲಿ ಲೇಜರ್ ಗೈರೋಸ್ಕೋಪಿನ ವ್ಯವಸ್ಥೆ ಇತ್ತು. ಇಸ್ರೋ ಈ ವಿದ್ಯೆ ಬೆಳೆಸಿದ್ದು ತಿರುವನಂತಪುರದ ತನ್ನದೇ ಘಟಕದಲ್ಲಿ. ಅದು ಇಸ್ರೋ ಗೋಡೆಯೊಳಗಿನ ವಿದ್ಯೆ. ಗೋಡೆಯಾಚೆಯ ಶೆಡ್ಡಿಗೆ ಹರಿದದ್ದು ಕಡಿಮೆ.

ನಾನು ಕೇಳುವುದು ದೊಡ್ಡದಲ್ಲ. ಜಿಗಣಿ ಕೈಗಾರಿಕಾ ಪ್ರದೇಶದಲ್ಲಿ 20 ಡಿಗ್ರಿಯಲ್ಲಿ ನಿಲ್ಲುವ, ರಸ್ತೆಯ ಲಾರಿ ಅದುರದ ಒಂದು ಸಾರ್ವಜನಿಕ ಅಳತೆ ಕೋಣೆ. ಗಂಟೆಗಿಷ್ಟು ಅಂತ ದರ ಕಟ್ಟಿ ಸಣ್ಣವರೂ ಬಳಸುವಂತಿರಬೇಕು. ಜೊತೆಗೆ, ಮಿಷನ್ ದುಡ್ಡಿನಲ್ಲಿ ಉಪಕರಣ ಕೊಳ್ಳುವ ಪ್ರತಿ ಸಂಸ್ಥೆಯೂ ತನಗೆ ಬೇಕಾದ ಯಾಂತ್ರಿಕ ಭಾಗಗಳ ಡ್ರಾಯಿಂಗನ್ನು, ಅದು ಯಾತಕ್ಕೆ ಅನ್ನುವ ನಾಲ್ಕು ಸಾಲಿನ ಸಮೇತ, ಮೊದಲು ಇಲ್ಲಿನವರ ಮುಂದೆ ಇಡಬೇಕು. ಮುಂದಿನ ಬಜೆಟ್ಟಿನಲ್ಲಿ ಆ 1,000 ಕೋಟಿಯ ಬಾಬ್ತುಗಳನ್ನು ಬಿಡಿಸಿಟ್ಟಾಗ ನಾನು ಮೊದಲು ಹುಡುಕುವುದು ಈ ಸಾಲನ್ನೇ.