ಜಾತಕ ನೋಡದ್ದೆ ಸಿಗಡಿ ತಪ್ಪಲಾಗ

ಉಪ್ಪುನೀರಿನ ಅಕ್ವೇರಿಯಂ ಮಾರುವ ಅಂಗಡಿಗಳಲ್ಲಿ ಸಿಗಡಿ ಇಪ್ಪ ಗಾಜಿಂಗೆ ‘ರೀಫ್ ಸೇಫ್’ ಹೇಳಿ ಒಂದು ಚೀಟಿ ಅಂಟುಸಿರ್ತವು. ಆ ಚೀಟಿಯ ಕಿತ್ತು ಇಡ್ಕೆಕ್ಕು ಹೇಳಿ ಎನ್ನ ವಾದ. ಹವಳಕ್ಕೆ ಉಪದ್ರ ಇಲ್ಲೆ ಹೇಳಿ ಅದರ ಅರ್ಥ ಅಡ. ಸರಿ, ಯಾವ ಹವಳಕ್ಕೆ? ಟ್ಯಾಂಕಿಲಿ ಮದಲೇ ಇಪ್ಪ ಮೀನಿಂಗೆ? ಇನ್ನೊಂದು ಸಿಗಡಿಗೆ? ಅಷ್ಟಪ್ಪಗ ಆ ಸಿಗಡಿಗೆ ಉಪದ್ರ ಆರಿಂದ? ಒಂದಕ್ಕೂ ಚೀಟಿಲಿ ಉತ್ತರ ಇಲ್ಲೆ. ‘ಕೂಸು ಒಳ್ಳೆದು’ ಹೇಳಿ ಆರೋ ಹೇಳಿದವು ಹೇಳಿಗೊಂಡು, ಮಾಣಿ ಆರು, ಮನೆಲಿ ಎಷ್ಟು ಜೆನ ಹೇಳಿ ಕೇಳದ್ದೆ ಮದುವೆ ನಿಘಂಟು ಮಾಡಿದ ಹಾಂಗೆ ಆತು ಇದು.

ಸೊಪ್ಪು ತರಕಾರಿ ತಿಂಬ ಮನೆಯ ಹೆಮ್ಮಕ್ಕೊಗೆ ಎಟ್ಟಿಯ ಸುದ್ದಿ ಎಂತಕೆ ಹೇಳಿ ನೆಗೆ ಮಾಡುವವು ಇಕ್ಕು. ನೆಗೆ ಮಾಡಲಿ. ಪುತ್ತೂರಿನ ಹೊಡೆಲಿ ಎಟ್ಟಿ ಹೇಳಿರೆ ತಿಂಬವರ ಬಟ್ಲಿನ ವಿಷಯ. ಎಂಗಳ ಮನೆಲಿ ಅದು ಚಾವಡಿಯ ಗಾಜಿನ ಒಳ ಬದುಕ್ಕುವ ಜೀವ. ಮಗ° ಮನೆಂದಲೇ ಆಫೀಸು ಕೆಲಸ ಮಾಡಿಗೊಂಡಿಪ್ಪಗ ನಾಲ್ಕಡಿ ಉದ್ದದ ಟ್ಯಾಂಕು ಮಾಡಿದ°. ಮತ್ತೆ ಬೆಂಗಳೂರಿಂಗೆ ಬಾ ಹೇಳಿದವು, ಹೋದ°. ಟ್ಯಾಂಕು ಇಲ್ಲೇ ಒಳುದತ್ತು. ನೀರಿನ ಉಪ್ಪು 1.025 ಇದ್ದೋ ನೋಡುದು, ಆರಿದ ಅಷ್ಟಕ್ಕೆ ಆರ್‌ಒ ನೀರು ಎರವದು, ಕರೆಂಟು ಹೋದರೆ ಮೋಟರಿನ ಇನ್ವರ್ಟರಿಂಗೆ ಹಾಕುದು, ಎಲ್ಲ ಎನ್ನ ಲೆಕ್ಕಲ್ಲಿ. ತಪ್ಪವು ಗೆಂಡುಮಕ್ಕೊ, ಸಾಂಕುವವು ಹೆಮ್ಮಕ್ಕೊ. ನಾಯಿಂದ ಹಿಡುದು ಗಿಳಿವರೆಗೆ ಎಲ್ಲಾ ಮನೆಲಿಯೂ ಇದೇ ಕತೆ ಅಲ್ಲದೊ? ಹಾಂಗಿಪ್ಪಗ ಯಾವ ಸಿಗಡಿ ಬರೆಕ್ಕು ಹೇಳುವಲ್ಲಿ ಸಾಂಕುವವರ ಮಾತು ಮದಾಲು ನಡೆಯೆಕ್ಕು.

ಇವರ ಮಾರಾಟದ ದೊಡ್ಡ ಮಂತ್ರ ಎಂತರ ಹೇಳಿರೆ, ಸಿಗಡಿ ಬಿಟ್ಟರೆ ಟ್ಯಾಂಕು ಕ್ಲೀನ್ ಆವುತ್ತು ಹೇಳುದು. ಕ್ಲೀನರ್ ಶ್ರಿಂಪ್ ನೋಡಿದವಕ್ಕೆ ಗೊಂತಿಕ್ಕು: ಬೆನ್ನು ಕೆಂಪು, ಅದರ ನಡುಕೆ ಉದ್ದಕೆ ಬೆಳಿ ಗೆರೆ, ಬೆಳಿ ಮೀಸೆ. ಅದು ಕ್ಲೀನ್ ಮಾಡುದು ಮೀನಿನ, ಟ್ಯಾಂಕಿನ ಅಲ್ಲ. ಮೀನಿನ ಮೈಲಿಪ್ಪ ಸಣ್ಣ ಹುಳು, ಸತ್ತ ಚರ್ಮ ಹೆರ್ಕಿ ತಿಂತು. ಎಂಗಳ ಹಳದಿ ಟ್ಯಾಂಗ್ ಮೀನು ಹೊತ್ತೋಪಗ ಅದರ ಎದುರು ಹೋಗಿ ರೆಕ್ಕೆ ಬಿಡುಸಿ ನಿಲ್ತು, ಚೌರದಂಗಡಿಲಿ ಕೂದ ಹಾಂಗೆ. ನೋಡ್ಲೆ ಅಷ್ಟು ಚೆಂದ ಬೇರೆ ಇಲ್ಲೆ. ಆದರೆ ಗಾಜಿನ ಪಾಚಿ ಉದ್ದುದು ಅದರ ಕೆಲಸ ಅಲ್ಲ, ಅದಕ್ಕೆ ಬಸವನಹುಳು ಇದ್ದು, ಎನ್ನ ಕೈ ಇದ್ದು. ಆಹಾರ ಸರಿ ಹಾಕದ್ದರೆ ಇದೇ ಸಿಗಡಿ ಹವಳದ ಬಾಯಿಗೆ ಕೈ ಹಾಕಿ ತುತ್ತು ಎಳದು ತಿಂಗು. ಕೆಲಸಕ್ಕೆ ಆವುತ್ತು ಹೇಳಿ ಮನೆಗೆ ಸೊಸೆ ತಪ್ಪವರ ಬುದ್ಧಿ, ಸಿಗಡಿ ತಪ್ಪಲ್ಲಿಯೂ ಅದೇ ಬುದ್ಧಿ.

ಮೀನಿಂಗೆ ಬೆಳಿ ಚುಕ್ಕೆ ಬಂದರೆ ಕ್ಲೀನರ್ ಗುಣ ಮಾಡ್ತು ಹೇಳುದನ್ನೂ ನಂಬೆಡಿ. ಅದೇ ಅಂಗಡಿಯವು ಆ ರೋಗಕ್ಕೆ ತಾಮ್ರದ ಮದ್ದನ್ನೂ ಮಾರುತ್ತವು. ತಾಮ್ರ ಬಿದ್ದ ನೀರಿಲಿ ಮೀನು ಬದುಕುಗು, ಸಿಗಡಿ ಸಾಯ್ಗು, ಹವಳವೂ ಸಾಯ್ಗು. ಮದ್ದು ಮಾಡ್ತರೆ ಮೀನಿನ ಬೇರೆ ಟ್ಯಾಂಕಿಂಗೆ ಹಾಕಿ ಮಾಡೆಕ್ಕು.

ಇನ್ನು ಎನಗೆ ನಿಜವಾಗಿ ಕೋಪ ಬಪ್ಪ ವಿಷಯ. ಐಪ್ಟೇಸಿಯಾ ಹೇಳಿ ಒಂದು ಕಳೆ ಇದ್ದು. ಗಿಡ ಅಲ್ಲ ಅದು, ಕುಟುಕ್ಕುವ ಜೀವ. ಕಲ್ಲಿನೊಟ್ಟಿಂಗೆ ಬಂದು, ತೋಟಲ್ಲಿ ಕಮ್ಯುನಿಸ್ಟ್ ಗಿಡ ಹಬ್ಬಿದ ಹಾಂಗೆ ಹಬ್ಬುತ್ತು. ಅದರ ತಿಂಬದು ಪೆಪ್ಪರ್‌ಮಿಂಟ್ ಶ್ರಿಂಪ್. ಮಗ° ಬೆಂಗಳೂರಿನ ಒಂದು ಅಂಗಡಿಲಿ ಎರಡು ಪೆಪ್ಪರ್‌ಮಿಂಟಿಂಗೆ ಪೈಸೆ ಕೊಟ್ಟ°, ಅಂಗಡಿಯವು ಇರುಳಾಣ ಬಸ್ಸಿಲಿ ಕಳುಸಿದವು. ಉದಿಯಪ್ಪಗ ಥರ್ಮೋಕೋಲ್ ಪೆಟ್ಟಿಗೆ ಬಿಡುಸಿ ನೋಡ್ತೆ, ಕಣ್ಣು ದೊಡ್ಡ, ಬೆನ್ನು ಗೂನು, ಕೆಂಪು ಗೆರೆಗಳ ನಡುಕೆ ಬೆಳಿ ಗೆರೆ, ಬೆಳಿ ಚುಕ್ಕೆ. ಇದು ಕ್ಯಾಮಲ್ ಶ್ರಿಂಪ್. ಪೆಪ್ಪರ್‌ಮಿಂಟಿನ ಮೈ ಗಾಜಿನ ಹಾಂಗೆ ಇಪ್ಪದು, ಕೆಂಪು ಗೆರೆ ಮಾತ್ರ, ಬೆಳಿ ಗೆರೆ ಇಲ್ಲೆ. ಫೋನು ಮಾಡಿದೆ. ‘ಎರಡೂ ಒಂದೇ ಮೇಡಂ, ರೀಫ್ ಸೇಫ್’ ಹೇಳಿದವು!

ಒಂದೇ ಅಲ್ಲ. ಹೆಸರು ಹೋದ ಪೆಪ್ಪರ್‌ಮಿಂಟ್ ಅಟ್ಲಾಂಟಿಕ್ ಕಡಲಿನ ಅಮೇರಿಕದ ಕರೆದ್ದು, ಕ್ಯಾಮಲ್ ಹಿಂದೂ ಮಹಾಸಾಗರ, ಪೆಸಿಫಿಕ್ ಹೊಡೆದ್ದು. ಕುಟುಂಬವೇ ಬೇರೆ. ಕ್ಯಾಮಲ್ ಶ್ರಿಂಪ್ ಐಪ್ಟೇಸಿಯಾವ ಬಿಟ್ಟು ಜೋವಾಂಥಿಡ್ಡಿನ, ಮೆತ್ತನೆ ಹವಳವ ಚೂಂಟಿ ತಿಂತು. ಕಳೆ ತೆಗವಲೆ ಬಂದ ಆಳು ಕಳೆ ಬಿಟ್ಟು ಅಡಕ್ಕೆ ಸಸಿಯ ಕಡುದರೆ ‘ಎಲ್ಲ ಆಳುಗಳೂ ಒಂದೇ’ ಹೇಳ್ತವೋ ಇವು? ಮಾರುವವಂಗೆ ಗೊಂತಿಲ್ಲದ್ದೆ ಇಪ್ಪಲೆ ಎಡಿಯ, ದಿನಾ ನೋಡುವ ಜೀವ. ಒಂದರ ಕೇಳಿರೆ ಕೈಲಿಪ್ಪ ಇನ್ನೊಂದರ ಕೊಡುದು, ಅಷ್ಟೆ. ಬಂದ ಎರಡರನ್ನೂ ಆನು ಹವಳದ ಟ್ಯಾಂಕಿಂಗೆ ಬಿಟ್ಟಿದಿಲ್ಲೆ. ಕೆಳ ಕಪಾಟಿಲಿ ನೀರು ಸೋಸುವ ಸಂಪಿಲಿ ಇದ್ದು, ಒಂದು ವರ್ಷ ಆತು. ಅವುಗಳ ತಪ್ಪೆಂತ ಇದರಲ್ಲಿ?

ಹವಳವ ಮುಟ್ಟದ್ದ ಸಿಗಡಿ ಆದರೂ ಎಲ್ಲ ಸರಿ ಹೇಳ್ಲೆಡಿಯ. ಕೋರಲ್ ಬ್ಯಾಂಡೆಡ್ ಹೇಳಿ ಇದ್ದು, ಬಾಕ್ಸರ್ ಹೇಳಿಯೂ ಹೇಳ್ತವು. ಕೆಂಪು ಬೆಳಿ ಪಟ್ಟೆಯ ಉದ್ದ ಕೈ ಎತ್ತಿ ನಿಂದರೆ ಯಕ್ಷಗಾನದ ಬಣ್ಣದ ವೇಷವೇ. ತನ್ನ ಜಾತಿಯ ಇನ್ನೊಂದರ ಅದು ಸಹಿಸ. ಗಂಡು ಹೆಣ್ಣು ಜೋಡಿ ಆದರೆ ಮಾತ್ರ ಅಕ್ಕು. ಬೇರೆ ಸಣ್ಣ ಸಿಗಡಿಗಳ ಅಟ್ಟುಸಿಗೊಂಡು ಹೋಗಿ ಕೊಲ್ಲುಗು, ಇರುಳು ಒರಗಿದ ಸಣ್ಣ ಮೀನನ್ನೂ ಹಿಡಿಗು. ಕ್ಲೀನರ್ ಆದರೆ ಎರಡು ಒಟ್ಟಿಂಗೆ ಸುಖಲ್ಲಿ ಇಕ್ಕು. ಅದರಲ್ಲಿ ಗಂಡು ಹೆಣ್ಣು ಹುಡ್ಕೆಕ್ಕು ಹೇಳಿಯೂ ಇಲ್ಲೆ, ದೊಡ್ಡ ಆದ ಮೇಲೆ ಒಂದೊಂದೂ ಎರಡೂ ಆಗಿರ್ತು. ಪಿಸ್ತೂಲ್ ಶ್ರಿಂಪ್ ತಪ್ಪದಾದರೆ ಅದರೊಟ್ಟಿಂಗೆ ಒಂದೇ ಮಾಟೆಲಿ ಬದುಕ್ಕುವ ಗೋಬಿ ಮೀನಿನನ್ನೂ ತನ್ನಿ. ಸಿಗಡಿಗೆ ಕಣ್ಣು ಮಂದ, ಗೋಬಿ ಕಾವಲು ನಿಲ್ತು.

ಹಾರ್ಲಿಕ್ವಿನ್ ಶ್ರಿಂಪಿನ ಮಾತ್ರ ಗಾಜಿನೊಳ ನೋಡುವಗ ಹೊಟ್ಟೆ ಉರಿತ್ತು. ಬೆಳಿ ಮೈಲಿ ಬಣ್ಣದ ಮಚ್ಚೆ, ಪಿಂಗಾಣಿಲಿ ಮಾಡಿದ ಹಾಂಗೆ. ಅದು ತಿಂಬದು ನಕ್ಷತ್ರಮೀನಿನ. ಮನೆಲಿ ಇಪ್ಪ ಪ್ಯಾಕೆಟಿನ ಆಹಾರ ಎಂತ ಹಾಕಿರೂ ಪ್ರಯೋಜನ ಇಲ್ಲೆ. ತಿಂಗಳು ತಿಂಗಳು ನಕ್ಷತ್ರಮೀನು ಎಲ್ಲಿಂದ ತತ್ತಿ ಹೇಳಿ ಕೇಳದ್ದೆ ಅದರ ಕಟ್ಟಿ ಕೊಡುವವ°, ಹಶುವಿಲಿ ಸಾವಲೆ ಇಪ್ಪ ಜೀವಕ್ಕೆ ಕ್ರಯ ಕಟ್ಟುತ್ತ°.

ಇನ್ನು ಸಿಗಡಿಯನ್ನೇ ತಿಂಬವು. ಹಾಕ್‌ಫಿಶ್, ಟ್ರಿಗರ್, ಪಫರ್, ಲಯನ್‌ಫಿಶ್ ಇಪ್ಪಲ್ಲಿಗೆ ಸಿಗಡಿ ಬಿಡುದು ಹೇಳಿರೆ ಸಾವಿರ ರೂಪಾಯಿಯ ತುತ್ತು ಹಾಕಿದ ಹಾಂಗೆ. ಪೊರೆ ಕಳಚ್ಚಿದ ಮೇಲೆ ಸಿಗಡಿಯ ಮೈ ಮೆತ್ತಂಗೆ ಇರ್ತು, ಹುಗ್ಗುಲೆ ಕಲ್ಲಿನ ಸಂದು ಬೇಕೇ ಬೇಕು.

‘ಒಂದು ಸಿಗಡಿ ಸತ್ತರೆ ಎಂತಾತಕ್ಕ, ಮಾರ್ಕೆಟಿಲಿ ಕಿಲೋ ಲೆಕ್ಕಲ್ಲಿ ಸಿಕ್ಕುತ್ತು’ ಹೇಳಿ ಎನ್ನ ಬಾಯಿ ಮುಚ್ಚುಸುಲೆ ನೋಡುವವು ಇದ್ದವು. ತಿಂಬವರ ಮೇಲೆ ಎನ್ನ ದೂರು ಇಲ್ಲೆ. ಹಿಡುದವಂಗೆ ದುಡಿಮೆ ಆತು, ತಿಂದವಂಗೆ ಊಟ ಆತು. ಇದು ಹಾಂಗಲ್ಲ. ಕ್ಲೀನರ್ ಶ್ರಿಂಪಿನ ಮರಿಗೊ ತಿಂಗಳುಗಟ್ಲೆ ನೀರಿಲಿ ತೇಲಿಗೊಂಡು ಬೆಳೆಕ್ಕು, ಅದರ ಸಾಂಕಿ ದೊಡ್ಡ ಮಾಡುದು ಭಾರೀ ಕಷ್ಟ. ಹಾಂಗಾಗಿ ಅಂಗಡಿಗೆ ಬಪ್ಪದು ಹೆಚ್ಚಿಂದೂ ಕಡಲಿಂದ ಹಿಡುದು ತಂದದೇ. ಇಲ್ಲಿ ಒಂದು ಸತ್ತರೆ ಅಲ್ಲಿಂದ ಇನ್ನೊಂದು ಬಕ್ಕು. ನಮ್ಮ ಕಡಲಿನ ಹವಳಕ್ಕೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಲಿ ಜಾಗೆ ಇದ್ದು. ಈ ಸಿಗಡಿಗೊಕ್ಕೆ ಆ ಆಸರೆಯೂ ಇಲ್ಲೆ, ತಪ್ಪವನ ಬುದ್ಧಿಯೇ ಗತಿ.

ಚೀಟಿಲಿ ಬರೆಯೆಕ್ಕಾದ್ದು ಇಷ್ಟೇ: ಪೂರ್ತಿ ಹೆಸರು, ಎಂತರ ತಿಂತು, ಆರೊಟ್ಟಿಂಗೆ ಆಗ, ಎಷ್ಟು ಇದ್ದರೆ ಅಕ್ಕು. ಮಾವಿನಹಣ್ಣಿಂಗೆ ‘ಹಣ್ಣು’ ಹೇಳಿ ಮಾತ್ರ ಬರದು ಮಡುಗಿರೆ ಆರಾದರೂ ತೆಕ್ಕೊಂಗೋ? ನಾಲ್ಕು ಗೆರೆ ಬರವಲೆ ಎಡಿಯದ್ದವರ ಅಂಗಡಿಂದ ತರೆಡಿ. ತಪ್ಪ ಮದಲು ಫೋಟೋ ಕೇಳಿ, ಕಣ್ಣು, ಬೆನ್ನು, ಬೆಳಿ ಗೆರೆ ನೋಡಿ. ಎಂಗಳಲ್ಲಿ ಈಗ ಹಾಂಗೇ ನಡೆತ್ತಾ ಇದ್ದು. ಮಗ° ಕಳುಸಿದ ಮೂರು ಫೋಟೋವನ್ನೂ ಆನು ಬೇಡ ಹೇಳಿದ್ದೆ, ಮೂರೂ ಕ್ಯಾಮಲ್. ಟ್ಯಾಂಕಿಲಿ ಏಳು ಐಪ್ಟೇಸಿಯಾ ಇದ್ದು. ಸರಿಯಾದ ಪೆಪ್ಪರ್‌ಮಿಂಟ್ ಸಿಕ್ಕುವವರೆಗೆ ಸಿರಿಂಜಿಲಿ ನಿಂಬೆಹುಳಿ ಎಸರು ತುಂಬುಸಿ ಒಂದೊಂದರ ಬಾಯಿಗೆ ಬಿಡ್ತಾ ಇದ್ದೆ.