ಹೋಗತಕ್ಕದ್ದೋ, ನಿಲ್ಲತಕ್ಕದ್ದೋ?

ಪ್ರತಿವರ್ಷ ಪರೀಕ್ಷೆಯ ಫಲವು ಪ್ರಕಟವಾದ ತರುವಾಯ ನಮ್ಮ ಕಚೇರಿಯ ಬಾಗಿಲಿಗೆ ಪಾಲಕರು ಬಂದು ನಿಲ್ಲುವದುಂಟು. ಹಿಂದೆ ಅವರೆಲ್ಲರ ಪ್ರಶ್ನೆಯು ಒಂದೇ ಆಗಿತ್ತು: ಹುಡುಗಿಯನ್ನು ಮುಂದೆ ಓದಿಸಬೇಕೋ, ಮದುವೆ ಮಾಡಬೇಕೋ? ಈಚೆಗೆ ಅದಕ್ಕೆ ಇನ್ನೊಂದು ಪ್ರಶ್ನೆ ಕೂಡಿಕೊಂಡಿದೆ. ಕಳೆದ ಬೇಸಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಬಂದು, ರುಮಾಲನ್ನು ತೆಗೆದು ಮೊಳಕಾಲ ಮೇಲಿಟ್ಟುಕೊಂಡು, “ಅಕ್ಕಾರ, ಹುಡುಗಿನ್ನ ಪರದೇಶಕ್ಕ ಕಳಸೂದೋ ಬ್ಯಾಡೋ, ನೀವ ಒಂದ ಮಾತು ಹೇಳ್ರಿ. ನೀವು ಹೂಂ ಅಂದ್ರ ಹೊಲಾ ಒತ್ತಿ ಇಡತೇನಿ” ಎಂದರು. ಹುಡುಗಿಯು ಹುಬ್ಬಳ್ಳಿಯಲ್ಲಿ ದಾದಿಯರ ಶಿಕ್ಷಣವನ್ನು ಮುಗಿಸಿ ಅಲ್ಲಿಯೇ ತಿಂಗಳಿಗೆ 14,000 ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದಳು. ದಲಾಲನು ಕೇಳಿದ ಹಣ 6 ಲಕ್ಷ. ಹೊಲವೆಂದರೆ ಗೋವಿನಜೋಳ ಬೆಳೆಯುವ ಎರಡು ಎಕರೆ; ಅದರ ಮೇಲೆ ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆಯ ಆಸೆ.

ನಾವು ಆ ದಿನ ಏನನ್ನೂ ಹೇಳಲಿಲ್ಲ. ಪಾಠ ಹೇಳಿದವರ ಬಾಯಿಂದ ಬರುವ ಒಂದು ‘ಹೂಂ’ಗೆ ಎರಡು ಎಕರೆ ಹೊಲದ ತೂಕವಿರುವದನ್ನು ಕಂಡು ನಮಗೆ ಭಯವೇ ಆಯಿತು. ಆ ಹೊತ್ತಿಗೆ ಬಾಯಲ್ಲಿಯೇ ಉಳಿದ ಮಾತನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯುತ್ತೇವೆ. ಅದು ಆ ಒಬ್ಬ ತಂದೆಯವರಿಗಷ್ಟೇ ಸಂಬಂಧಿಸಿದ್ದಲ್ಲ.

ಹುಡುಗಿಯು ಏನನ್ನುತ್ತಾಳೆಂದು ನಾವು ಕೇಳಿದೆವು. “ಅಕೀದೇನ್ರಿ, ನಾವು ಹೇಳಿದ್ದಕ್ಕ ಹೂಂ ಅಂತಾಳ” ಎಂದು ಉತ್ತರ ಬಂತು. ಹಾಗಾದರೆ ಅವಳನ್ನೇ ಕಳುಹಿಸಿರೆಂದೆವು. ಮುಂದಿನ ಆದಿತ್ಯವಾರ ಆರಾಧನೆಯಾದ ಮೇಲೆ ಬಂದಳು. ಯಾವ ದೇಶವೆಂದು ಕೇಳಿದರೆ, ಮೊದಲು ಕುವೈತು, ಅಲ್ಲಿಂದ ಮುಂದೆ ಐರ್ಲಂಡು ಎಂದು ದಲಾಲನು ಹೇಳಿದ್ದಾನೆಂದಳು. ಯಾವ ಆಸ್ಪತ್ರೆಯೆಂಬುದು ತಿಳಿಯದು. ಕರಾರುಪತ್ರವು ಯಾವ ಭಾಷೆಯಲ್ಲಿದೆಯೆಂಬುದೂ ತಿಳಿಯದು, ಯಾಕಂದರೆ ಅದನ್ನು ಅವಳು ಕಂಡೇ ಇರಲಿಲ್ಲ. ರೋಗಿಯ ಔಷಧದ ಚೀಟಿಯನ್ನು ಎರಡು ಸಲ ಓದದೆ ಸೂಜಿಯನ್ನು ಕೈಯಲ್ಲಿ ಹಿಡಿಯದ ಹುಡುಗಿಯು ತನ್ನ ಸ್ವಂತ ಜೀವಮಾನದ ಕಾಗದವನ್ನು ಒಂದು ಸಲವೂ ಓದಿರಲಿಲ್ಲ.

ಪರದೇಶಕ್ಕೆ ಹೋಗುವದು ಪಾಪವೆಂದಾಗಲಿ ಪುಣ್ಯವೆಂದಾಗಲಿ ನಾವು ತಿಳಿಯುವದಿಲ್ಲ. ಆದರೆ ಹೋಗತಕ್ಕವಳು ತಾನೇ ತಿಳಿದು, ತಾನೇ ಓದಿ, ಬೇಡವೆನ್ನುವ ಸ್ವಾತಂತ್ರ್ಯವನ್ನೂ ಇಟ್ಟುಕೊಂಡು ನಿರ್ಣಯಿಸಬೇಕೆಂಬುದೇ ನಮ್ಮ ಅಭಿಪ್ರಾಯ. ಹೊಲವನ್ನು ಒತ್ತಿ ಇಟ್ಟ ಮೇಲೆ ಆ ಸ್ವಾತಂತ್ರ್ಯವು ಉಳಿಯುವದಿಲ್ಲ. ಅಲ್ಲಿ ಕೆಲಸವು ಹೇಳಿದಂತಿಲ್ಲದಿದ್ದರೂ, ಸಂಬಳವು ಅರ್ಧವೇ ಬಂದರೂ, ಒಡೆಯನು ಕೆಟ್ಟವನಾದರೂ, ಊರಿನಲ್ಲಿ ಬಡ್ಡಿ ಬೆಳೆಯುತ್ತಿರುವವಳು ತಿರುಗಿ ಬರುವದು ಹೇಗೆ?

ಇನ್ನು ‘ಪರದೇಶ’ ಎಂಬ ಒಂದೇ ಮಾತಿನಲ್ಲಿ ನಮ್ಮ ಪಾಲಕರು ಎರಡು ಬೇರೆ ಸಂಗತಿಗಳನ್ನು ಕೂಡಿಸಿಬಿಡುತ್ತಾರೆ. ಕೊಲ್ಲಿ ದೇಶಗಳಿಗೆ ಹೋಗುವವಳು ದುಡಿದು ಬರಲು ಹೋಗುತ್ತಾಳೆ. ಆ ದೇಶಗಳು ಹೊರಗಿನ ಕೂಲಿಕಾರರಿಗೆ ಸಾಮಾನ್ಯವಾಗಿ ಪೌರತ್ವವನ್ನು ಕೊಡುವದಿಲ್ಲವಾದ್ದರಿಂದ, ಕೆಲಸ ತೀರಿದ ಮೇಲೆ ಮನೆಗೆ ಬರಲೇಬೇಕು. ಜರ್ಮನಿ, ಐರ್ಲಂಡು, ಆಸ್ಟ್ರೇಲಿಯಗಳ ಮಾತು ಬೇರೆ. ಅಲ್ಲಿಗೆ ಹೋದವಳಿಗೆ ನಾಲ್ಕಾರು ವರ್ಷಗಳಲ್ಲಿ ನೆಲೆಸಬೇಕೋ ಬೇಡವೋ ಎಂಬ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ನಮ್ಮ ದೇಶದ ಕಾಯದೆಯು ಎರಡು ಪೌರತ್ವಗಳನ್ನು ಒಪ್ಪುವದಿಲ್ಲ. ಆ ದೇಶದವಳಾದರೆ ಇಲ್ಲಿಯ ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಸಾಗರೋತ್ತರ ಪೌರತ್ವದ ಚೀಟಿಯು ದೊರೆಯಬಹುದು, ಆದರೆ ಅದರಿಂದ ಮತವಿಲ್ಲ, ಕೃಷಿಭೂಮಿಯನ್ನು ಕೊಳ್ಳುವ ಅಧಿಕಾರವೂ ಇಲ್ಲ. ಒತ್ತಿ ಬಿಡಿಸಿಕೊಂಡ ಮೇಲೆ ಪಕ್ಕದ ಇನ್ನೊಂದು ಎಕರೆಯನ್ನು ಕೊಂಡುಕೊಳ್ಳುತ್ತೇನೆಂದು ಹೊರಟ ಮಗಳಿಗೆ ಇದನ್ನು ಮೊದಲೇ ಹೇಳಿದವರು ಯಾರು?

ಕಾಗದಪತ್ರಗಳ ವಿಷಯವನ್ನು ತುಸು ವಿವರವಾಗಿಯೇ ಹೇಳುತ್ತೇವೆ, ಯಾಕಂದರೆ ಅದು ನಮ್ಮ ಶಾಲೆಯಿಂದಲೇ ಆರಂಭವಾಗುತ್ತದೆ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರ ಪಾಸ್‌ಪೋರ್ಟು, ಕೆಲವು ವಿನಾಯಿತಿಗಳ ಹೊರತು, ವಲಸೆಯ ಅನುಮತಿ ಬೇಕಾದ ವರ್ಗಕ್ಕೆ ಸೇರುತ್ತದೆ. ಅಂಥವರು 18 ದೇಶಗಳಿಗೆ ಕೆಲಸಕ್ಕಾಗಿ ಹೋಗಬೇಕಾದರೆ 1983ರ ವಲಸೆ ಕಾಯದೆಯ ಪ್ರಕಾರ ಸರಕಾರದ ಅನುಮತಿಯನ್ನು ಪಡೆಯಬೇಕು. ದಾದಿಯರಿಂದ ಲಕ್ಷಗಟ್ಟಲೆ ಹಣ ಸುಲಿದ ಪ್ರಕರಣಗಳು ಹೊರಬಿದ್ದ ಮೇಲೆ, 2015ರಲ್ಲಿ, ಎಷ್ಟೇ ಓದಿದ ದಾದಿಯಾದರೂ ಆ 18 ದೇಶಗಳಿಗೆ ಹೋಗಲು ಅನುಮತಿ ಬೇಕೆಂದು ಸರಕಾರವು ನಿಯಮ ಮಾಡಿತು. ಕುವೈತು ಆ ಪಟ್ಟಿಯಲ್ಲಿದೆ. ಪರವಾನಗಿ ಪಡೆದ ದಲಾಲನು ಕೆಲಸಕ್ಕೆ ಹೋಗುವವಳಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿಯನ್ನು ಹಾಕಲಾಗಿದೆ. ಎಲ್ಲಿಯ 30,000, ಎಲ್ಲಿಯ 6 ಲಕ್ಷ! ಪರವಾನಗಿಯ ಸಂಖ್ಯೆಯನ್ನು ಕೇಳಿದರೆ ಸಿಟ್ಟಿಗೇಳುವ ದಲಾಲನಿಗೆ ಅದು ಇಲ್ಲವೆಂದೇ ತಿಳಿಯತಕ್ಕದ್ದು. ಅಲ್ಲದೆ ಪಾಸ್‌ಪೋರ್ಟು ಭಾರತ ಸರಕಾರದ ಸ್ವತ್ತು. ಅದನ್ನು ಕೈಯಿಂದ ಕಸಿದು ಪೆಟ್ಟಿಗೆಯಲ್ಲಿಟ್ಟುಕೊಳ್ಳುವ ಹಕ್ಕು ಯಾವ ಒಡೆಯನಿಗೂ ಇಲ್ಲ.

ಇಷ್ಟೆಲ್ಲ ಸರಿಯಾಗಿದ್ದರೂ ಲೋಕವು ನಮ್ಮ ಕೈಯಲ್ಲಿಲ್ಲ. 1990ರಲ್ಲಿ ಇರಾಕಿನ ಸೇನೆಯು ಕುವೈತನ್ನು ಹೊಕ್ಕಾಗ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. 2014ರಲ್ಲಿ ಇರಾಕಿನ ತಿಕ್ರಿತ್ ಪಟ್ಟಣದಲ್ಲಿ 46 ಮಂದಿ ಭಾರತೀಯ ದಾದಿಯರು ಸಿಕ್ಕಿಬಿದ್ದು, ದೈವಕೃಪೆಯಿಂದ ಜೀವಸಹಿತ ಮರಳಿದರು. 2022ರ ಮಾರ್ಚಿಯಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬನು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಗುಂಡಿನ ದಾಳಿಗೆ ಬಲಿಯಾದದ್ದನ್ನು ನಮ್ಮ ಮಕ್ಕಳು ಪ್ರಾರ್ಥನೆಯಲ್ಲಿ ನೆನೆದರು. ಮರುವರ್ಷ ಸುಡಾನಿನಲ್ಲಿ ಕದನ ಹತ್ತಿದಾಗ ಅಲ್ಲಿ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರು ಅನ್ನನೀರಿಲ್ಲದೆ ಸಿಲುಕಿದ್ದರು. ಕದನವಿಲ್ಲದ ದೇಶಗಳಲ್ಲಿ ನಿಯಮಗಳೇ ಬದಲಾಗುತ್ತವೆ. ಬ್ರಿಟನ್ನಿನವರು ವೃದ್ಧರ ಆರೈಕೆಗೆಂದು ಪರದೇಶದವರನ್ನು ಕೈಬೀಸಿ ಕರೆದರು. 2024ರ ಮಾರ್ಚಿಯಿಂದ ಅಂಥ ಕೆಲಸದವರು ಗಂಡ ಮಕ್ಕಳನ್ನು ಕರೆದುಕೊಂಡು ಬರಕೂಡದೆಂದರು. 2025ರ ಜುಲೈಯಲ್ಲಿ ಹೊರದೇಶದಿಂದ ಹೊಸಬರನ್ನು ತರಿಸುವ ಆ ಬಾಗಿಲನ್ನೇ ಮುಚ್ಚಿದರು. ಇದನ್ನು ಹೆದರಿಸಲಿಕ್ಕಾಗಿ ಬರೆದಿಲ್ಲ. ಸಾಲ ಮಾಡಿ ಹೋದವಳಿಗೆ ಇಂಥ ದಿನ ಬಂದರೆ ಏನು ಗತಿಯೆಂಬುದನ್ನು ಹೋಗುವ ಮೊದಲೇ ಎಣಿಸತಕ್ಕದ್ದೆಂಬುದಕ್ಕೆ ಬರೆದೆವು.

ಕಡಲು ದಾಟುವದು ನಮ್ಮ ಸೀಮೆಗೆ ಹೊಸ ಮಾತೇನೂ ಅಲ್ಲ. ಈ ಭಾಗದಲ್ಲಿ ನಮ್ಮಂಥವರಿಗೆ ಅಕ್ಷರ ಕಲಿಸಿದವರೇ ಪರದೇಶದಿಂದ ಬಂದವರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, ಎರಡು ವರ್ಷಗಳ ತರುವಾಯ ಹುಬ್ಬಳ್ಳಿಗೂ ಬಂದರು. 1853ರಲ್ಲಿ ಬಂದ ಕಿಟ್ಟೆಲ್ ದೊರೆಗಳು 1894ರಲ್ಲಿ ಅಚ್ಚಾದ ತಮ್ಮ ನಿಘಂಟಿನಿಂದ ಕನ್ನಡಿಗರೇ ಆಗಿಹೋದರು. ಅವರ ಸಾಹಸವನ್ನು ಹೊಗಳಿ ನಾವು ಪ್ರತಿವರ್ಷ ಭಾಷಣ ಮಾಡಿಸುತ್ತೇವೆ. ಆದರೆ ಆ ಮನೆಗಳ ಮಕ್ಕಳ ಸುದ್ದಿಯನ್ನು ಯಾರೂ ಹೇಳುವದಿಲ್ಲ. ಎಳೆಯ ಮಕ್ಕಳನ್ನು ಯೂರೋಪಿಗೆ ಕಳುಹಿಸಿ ಅಲ್ಲಿಯೇ ಬೆಳೆಯಿಸುವ ರೂಢಿ ಆ ಮಿಶನರಿಗಳಲ್ಲಿತ್ತು. ತಾಯಿಯು ಇಲ್ಲಿ ಅನ್ಯರ ಮಕ್ಕಳಿಗೆ ಹೊಲಿಗೆ ಹಾಡು ಕಲಿಸುತ್ತಿರುವಾಗ ಅವಳ ಕೂಸು ಅಲ್ಲಿ ಅವಳ ಮುಖವನ್ನೇ ಮರೆಯುತ್ತಿತ್ತು. ಪ್ರಸಿದ್ಧ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಮರೀ ಗುಂಡರ್ಟ್ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ ಹೀಗೆಯೇ ತಂದೆತಾಯಿಗಳಿಂದ ದೂರ ಬೆಳೆದವಳು. 1914ರ ಮಹಾಯುದ್ಧವು ಹತ್ತಿದಾಗ ಅದೇ ಮಿಶನ್ನಿನ ಜರ್ಮನ್ನರನ್ನು ಶತ್ರುಗಳೆಂದು ಹಿಡಿದಿಟ್ಟು, ಮುಂದೆ ದೇಶದಿಂದ ಹೊರಗೆ ಕಳುಹಿಸಿದರು. ಎಷ್ಟು ವರ್ಷ ದುಡಿದ ನೆಲವಾದರೂ ಒಂದು ದಿನ ‘ನೀವು ಯಾರು?’ ಎಂದು ಕೇಳಬಹುದು.

ತಾವಾಗಿ ಬಂದವರ ಮಾತು ಇದಾಯಿತು. ನಮ್ಮ ಕಲಘಟಗಿ ತಾಲೂಕಿನಲ್ಲಿಯೇ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ತಾವಾಗಿ ಬಂದವರಲ್ಲ, ಪೋರ್ತುಗೀಜರೇ ಮೊದಲಾದವರು ಗುಲಾಮರನ್ನಾಗಿ ತಂದದ್ದರಿಂದ ಬಂದವರು. ಮುಂಡಗೋಡದ ಟಿಬೆಟ್ ಜನರು ಊರು ಉಳಿಯದ್ದರಿಂದ ಬಂದು 1966ರಿಂದ ಅಲ್ಲಿ ನೆಲೆಸಿದರು. ಈಗ ಅವರ ಮಕ್ಕಳಲ್ಲಿ ಅನೇಕರು ಕೆನಡಾ, ಅಮೆರಿಕಗಳ ದಾರಿ ಹಿಡಿಯುತ್ತಿದ್ದಾರೆ. ದುಮ್ಮವಾಡದ ಸುತ್ತಲಿನ ಒಂದು ದಿನದ ದಾರಿಯಲ್ಲಿ ಇಷ್ಟು ಬಗೆಯ ವಲಸೆಯ ಕಥೆಗಳಿವೆ. ಕೇಳಿದರೆ ಅವರೆಲ್ಲರೂ ಹೇಳಿಯಾರು, ದಾಟಿದ ಕಡಲು ಎಷ್ಟು ಅಗಲವೆಂಬುದಕ್ಕಿಂತ ದಾಟೆಂದು ಹೇಳಿದವರು ಯಾರೆಂಬುದೇ ದೊಡ್ಡ ಮಾತೆಂದು.

ಇನ್ನು, ಹೆಣ್ಣುಮಕ್ಕಳು ಹೋಗಲೇಬಾರದೆನ್ನುವವರುಂಟು. ದೇಶವು ಓದಿಸಿದ ದಾದಿಯು ದೇಶದಲ್ಲಿಯೇ ಸೇವೆ ಮಾಡಬೇಕೆಂದು ಅವರ ವಾದ. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗುವ ಗಂಡುಮಕ್ಕಳಿಗೆ ಹಾರ ಹಾಕಿ ಕಳುಹಿಸುವ ಕೈಗಳೇ ಈ ಉಪದೇಶವನ್ನೂ ಮಾಡುವದನ್ನು ಕಂಡಾಗ ನಮಗೆ ನಗೆ ಬರುತ್ತದೆ. ಅವಳ ಓದಿಗೆ ಕಟ್ಟಿದ ಹಣವು ತಂದೆಯ ಹತ್ತಿ ಮಾರಿದ ಹಣ. ರಾತ್ರಿಪಾಳಿಗೆ ತಕ್ಕ ಸಂಬಳವನ್ನೂ, ಮಲಗಲು ಬಾಗಿಲಿರುವ ಒಂದು ಕೋಣೆಯನ್ನೂ ಕೊಡದವರು ದೇಶಭಕ್ತಿಯನ್ನು ಬೇಡುವದು ನ್ಯಾಯವಲ್ಲ.

ಆದಾಗ್ಯೂ ಹೋದವರ ಮನೆಗಳನ್ನು ನಾವು ಒಳಹೊಕ್ಕು ನೋಡಿದ್ದೇವೆ. ಬಣ್ಣದ ಕಲಘಟಗಿ ತೊಟ್ಟಿಲಲ್ಲಿ ಕೂಸು, ತೂಗುವವಳು ಅಜ್ಜಿ. ಸಂಜೆಯಾದರೆ ಅಜ್ಜಿಯು ಮೊಬೈಲನ್ನು ತೊಟ್ಟಿಲಿಗೆ ಒರಗಿಸಿ ಹಿಡಿಯುತ್ತಾಳೆ, ಅದರೊಳಗಿನ ಮುಖವು ಹೆಸರು ಹಿಡಿದು ಕರೆಯುತ್ತದೆ, ಕೂಸು ಅಜ್ಜಿಯ ಕಡೆಗೆ ತಿರುಗುತ್ತದೆ. ಆ ಮನೆಯ ಮೇಲೆ ಹೊಸ ಸ್ಲ್ಯಾಬು ಬಿದ್ದಿರುತ್ತದೆ, ತಂಗಿಯು ಕಾಲೇಜಿಗೆ ಹೋಗುತ್ತಿರುತ್ತಾಳೆ. ಇದೂ ನಿಜ, ಅದೂ ನಿಜ. ತಕ್ಕಡಿಯು ಯಾವ ಕಡೆಗೆ ವಾಲುವದೆಂದು ಹೊರಗಿನವರಾದ ನಾವು ಹೇಳಲಾರೆವು.

ನಮ್ಮ ಶಾಸ್ತ್ರದಲ್ಲಿ ಎಲೀಮೆಲೆಕನು ಬರಗಾಲದ ದೆಸೆಯಿಂದ ಹೆಂಡತಿ ನೊವೊಮಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬೇತ್ಲೆಹೇಮಿನಿಂದ ಮೋವಾಬಿಗೆ ಹೋದನು. ನೀರಸಾಗರದ ತಳವು ಬಿರುಕುಬಿಟ್ಟ ವರ್ಷವನ್ನು ಕಂಡ ನಾವು ಅವನನ್ನು ಹಳಿಯಲಾರೆವು. ಅವನೂ ಮಕ್ಕಳೂ ಅಲ್ಲಿಯೇ ತೀರಿಕೊಂಡ ಮೇಲೆ, ಊರಿಗೆ ಹೊರಟ ಅತ್ತೆಯ ಸಂಗಡ ರೂತಳು ಬಂದದ್ದನ್ನು ನಾವು ಸಂಡೇ ಶಾಲೆಯಲ್ಲಿ ಕೊಂಡಾಡುತ್ತೇವೆ. ಅದೇ ದಾರಿಯಲ್ಲಿ ಒರ್ಫಾ ಎಂಬ ಇನ್ನೊಬ್ಬ ಸೊಸೆಯು ಅತ್ತು, ಮುದ್ದಿಟ್ಟು, ತೌರಿಗೆ ತಿರುಗಿ ಹೋದಳು. ಶಾಸ್ತ್ರವು ಅವಳ ಮೇಲೆ ಒಂದೇ ಒಂದು ನಿಂದೆಯ ಮಾತನ್ನೂ ಆಡುವದಿಲ್ಲ. ನಿಂದಿಸುವವರು ಪಾಠ ಹೇಳುವ ನಾವು. ನಮಗೂ ಶಿಕ್ಷಕಿಯ ತರಬೇತಿ ಮುಗಿದ ಹೊಸದರಲ್ಲಿ ಮಸ್ಕತ್ತಿನ ಶಾಲೆಯೊಂದಕ್ಕೆ ಕರೆ ಬಂದಿತ್ತು. ಹೋಗಲಿಲ್ಲ. ಅದನ್ನು ತ್ಯಾಗವೆಂದು ಹೊಗಳಿದವರಿಗೆ ನಾವು ಎದುರು ನುಡಿಯದೆ ಇದ್ದುಬಿಟ್ಟೆವು; ಸತ್ಯವೇನಂದರೆ ಧೈರ್ಯ ಸಾಲಲಿಲ್ಲ.

ಧೈರ್ಯವಿದ್ದವರ ಪೈಕಿ ಪಂಡಿತಾ ರಮಾಬಾಯಿಯವರನ್ನು ನಮ್ಮ ಹುಡುಗಿಯರು ಬಲ್ಲರು. ಪಶ್ಚಿಮಘಟ್ಟದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಆ ವಿಧವೆಯು 1883ರಲ್ಲಿ ಎಳೆಯ ಮಗಳನ್ನು ಕಟ್ಟಿಕೊಂಡು ಇಂಗ್ಲಂಡಿಗೆ ಹೋದರು. ಆ ಪ್ರಯಾಣದ ವೆಚ್ಚಕ್ಕೆ ಒದಗಿದ್ದು ತಾವೇ ಬರೆದ ಪುಸ್ತಕವನ್ನು ಮಾರಿ ಬಂದ ಹಣ. ಮುಂದೆ ಅಮೆರಿಕಕ್ಕೂ ಹೋಗಿ 1889ರಲ್ಲಿ ತಿರುಗಿ ಬಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅವರು ಮರಳಿದರೆಂದು ನಾವು ಅವರ ಹೆಸರನ್ನು ಎತ್ತಲಿಲ್ಲ. ಮರಳದೆ ಇದ್ದಿದ್ದರೂ ಆ ಟಿಕೀಟು ಅವರ ಸ್ವಂತದ್ದೇ ಆಗಿರುತ್ತಿತ್ತು.

ನಮ್ಮ ಶಾಲೆಯದೂ ಒಂದು ತಪ್ಪುಂಟು. ಸಭಾಗೃಹದ ಗೋಡೆಯ ಮೇಲಿನ ಗೌರವಫಲಕದಲ್ಲಿ ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿನಿಯರ ಹೆಸರುಗಳನ್ನು ದೇಶಸಹಿತ ಬಂಗಾರದ ಬಣ್ಣದಲ್ಲಿ ಬರೆಯಿಸಿದ್ದೇವೆ. ಮಳೆಗಾಲದಲ್ಲಿ ಕೆಸರು ತುಳಿದು ಹಳ್ಳಿ ಹಳ್ಳಿಗೆ ಲಸಿಕೆಯ ಪೆಟ್ಟಿಗೆಯನ್ನು ಹೊರುವ ಆರೋಗ್ಯ ಸಹಾಯಕಿಯೂ ಇದೇ ಶಾಲೆಯವಳು. ಅವಳ ಹೆಸರು ಅಲ್ಲಿಲ್ಲ. ಆ ಫಲಕದ ಕೆಳಗೆ ಹತ್ತು ವರ್ಷ ಪ್ರಾರ್ಥನೆಗೆ ನಿಂತ ಮಕ್ಕಳು ಏನನ್ನು ಕಲಿತಿರಬಹುದೆಂದು ನಾವು ಈ ಬೇಸಗೆಯವರೆಗೆ ಯೋಚಿಸಿರಲಿಲ್ಲ.

ಆ ಹುಡುಗಿಯು ತಂದೆಯವರಲ್ಲಿ ಒಂದು ವರ್ಷದ ಅವಕಾಶವನ್ನು ಬೇಡಿದಳು. ಅಕ್ಕಾರು ಹುಡುಗಿಯ ತಲೆ ಕೆಡಿಸಿದರೆಂದು ತಂದೆಯವರು ಸಿಟ್ಟಾದರು. ಅದೇ ದಲಾಲನ ಮೂಲಕ ಹೋದ ಪಕ್ಕದೂರ ಹುಡುಗಿಯು ತಪ್ಪದೆ ಹಣ ಕಳುಹಿಸುತ್ತಿದ್ದಾಳೆಂದು ನಮಗೆ ಹೇಳಿಕಳುಹಿಸಿದರು. ಅದೂ ನಿಜವೇ ಇರಬಹುದು. ಕುವೈತಿನ ಕೆಲಸವು ಕೈಬಿಟ್ಟಿತು, ತಂಗಿಯ ಮದುವೆಯು ಮುಂದಕ್ಕೆ ಹೋಯಿತು, ಹೊಲದಲ್ಲಿ ಈ ಸಲವೂ ಗೋವಿನಜೋಳವೇ ಇದೆ. ಅವಳು ಪಾಳಿ ಮುಗಿದ ಮೇಲೆ ಜರ್ಮನ್ ಭಾಷೆಯನ್ನು ಕಲಿಯತೊಡಗಿದ್ದಾಳೆ. ಆ ದೇಶದಲ್ಲಿ ದಾದಿಯೆಂದು ಮನ್ನಣೆ ಪಡೆಯಲು ಸಾಮಾನ್ಯವಾಗಿ ಬಿ-2 ಎಂಬ ಮಟ್ಟದ ಭಾಷಾಜ್ಞಾನ ಬೇಕು. ಹೋಗುತ್ತಾಳೋ ನಿಲ್ಲುತ್ತಾಳೋ ನಾವು ಕೇಳಿಲ್ಲ. ಫಲಕವನ್ನು ಇಳಿಸಿದ್ದೇವೆ. ಈ ಸಲ ದೇಶಗಳ ಹೆಸರಿಲ್ಲದೆ, ಶಾಲೆ ಬಿಟ್ಟ ವರ್ಷದ ಅನುಕ್ರಮದಲ್ಲಿ ಎಲ್ಲರ ಹೆಸರನ್ನೂ ಬರೆಯಬೇಕೆಂದು ಬಣ್ಣದವನಿಗೆ ಹೇಳಿದೆವು. ಅಷ್ಟು ಹೆಸರುಗಳಿಗೆ ಒಂದು ಫಲಕ ಸಾಲದೆಂದು ಅವನು ಎರಡನೆಯ ಹಲಗೆಗೆ ಅಳತೆ ತೆಗೆದುಕೊಂಡು ಹೋಗಿದ್ದಾನೆ.